48 ವೋಲ್ಟ್ ಮೋಟಾರ್ ಡ್ರೈವ್‌ನಲ್ಲಿ ಬೋರ್ಡ್ ಬಿಸಿಯಾದಂಗೆ ಕರೆಂಟ್ ರೀಡಿಂಗ್ ಏರ್ತಾ ಹೋಗ್ತಿದೆ, ಶಂಟ್ ಕಾರಣನಾ ಆಂಪ್ಲಿಫೈಯರ್ ಕಾರಣನಾ?

ಮೋಟಾರ್_ಡ್ರೈವ್
ಎಲ್ಲರಿಗೂ ನಮಸ್ಕಾರ. 48 ವೋಲ್ಟ್ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರ್) ಡ್ರೈವ್ ಬೋರ್ಡ್ ಒಂದು ಕೈಗೆ ಬಂದಿದೆ, ಡಿಸೈನ್ ಬೇರೆಯವರದ್ದು, ಈಗ ಅದನ್ನ ಸರಿ ಮಾಡಿ ಮುಂದಕ್ಕೆ ತಗೊಂಡು ಹೋಗೋದು ನನ್ನ ಕೆಲಸ. ಫೇಸ್ ಲೈನ್‌ನಲ್ಲೇ ಕೂತಿರೋ 1 ಮಿಲಿಓಮ್ ಶಂಟ್ (ಕರೆಂಟ್ ಅಳೆಯೋಕೆ ಹಾಕೋ ಚಿಕ್ಕ ರೆಸಿಸ್ಟರ್), ಅದರ ಮೇಲಿನ ವೋಲ್ಟೇಜ್ ಹಿಗ್ಗಿಸೋಕೆ ಐಎನ್‌ಎ240 ಅನ್ನೋ ಆಂಪ್ಲಿಫೈಯರ್ ಚಿಪ್, ಗೇನ್ 20 (ಅಂದ್ರೆ 20 ಪಟ್ಟು ಹಿಗ್ಗಿಸೋದು). ±60 ಆಂಪ್ಸ್ ಅಳೀಬೇಕು. ಪಿಡಬ್ಲ್ಯೂಎಂ (ವೋಲ್ಟೇಜ್‌ನ ಬೇಗ ಬೇಗ ಆನ್ ಆಫ್ ಮಾಡಿ ಮೋಟಾರ್ ಓಡಿಸೋ ವಿಧಾನ) 20 ಕಿಲೋಹರ್ಟ್ಜ್, ಎಡಿಸಿ (ವೋಲ್ಟೇಜ್‌ನ ನಂಬರ್ ಮಾಡೋ ಭಾಗ) 12 ಬಿಟ್, 3.3 ವೋಲ್ಟ್. ಆನ್ ಮಾಡಿದ ಕೂಡ್ಲೆ ಕ್ಲಾಂಪ್ ಮೀಟರ್ ಜೊತೆ ಹೋಲಿಸಿದ್ರೆ ರೀಡಿಂಗ್ ಪಕ್ಕಾ ಇರುತ್ತೆ. ಲೋಡ್ ಮೇಲೆ ಸ್ವಲ್ಪ ಹೊತ್ತು ಓಡಿಸಿ ಬೋರ್ಡ್ ತಾಪಮಾನ ಮೊದಲಿಗಿಂತ ಸುಮಾರು 60 ಡಿಗ್ರಿ ಏರಿದ್ಮೇಲೆ ಅದೇ ಕರೆಂಟ್‌ಗೆ ಮೂರೂವರೆ ಪರ್ಸೆಂಟ್ ಹತ್ರ ಜಾಸ್ತಿ ತೋರಿಸ್ತಿದೆ. ಇನ್ನೊಂದು ವಿಚಾರ, ಕರೆಂಟ್ ಸೊನ್ನೆ ಇದ್ದಾಗ ಬರೋ ರೀಡಿಂಗ್ ಡ್ಯೂಟಿ (ಪಿಡಬ್ಲ್ಯೂಎಂನಲ್ಲಿ ಆನ್ ಇರೋ ಸಮಯದ ಪಾಲು) ಬದಲಾಯಿಸಿದ್ರೆ ಕೊಂಚ ಆಚೀಚೆ ಆಗುತ್ತೆ. ಆಂಪ್ಲಿಫೈಯರ್ ಬದಲಾಯಿಸಿ ಅಂತ ಒಬ್ರು ಹೇಳ್ತಿದಾರೆ, ಶಂಟ್ ಬದಲಾಯಿಸಿ ಅಂತ ಇನ್ನೊಬ್ರು. ಯಾವುದನ್ನ ಮೊದಲು ನೋಡ್ಲಿ?

ಮಿಲಿಓಮ್
ಎರಡನ್ನೂ ಬದಲಾಯಿಸೋ ಮುಂಚೆ ಪೇಪರ್ ಮೇಲೆ ಲೆಕ್ಕ ಹಾಕಿ ನೋಡಿ ಸರ್, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಐಎನ್‌ಎ240 ಆಫ್‌ಸೆಟ್ (ಇನ್‌ಪುಟ್ ಸೊನ್ನೆ ಇದ್ರೂ ಉಳಿಯೋ ತಪ್ಪು) ಗರಿಷ್ಠ 25 ಮೈಕ್ರೋವೋಲ್ಟ್, ತಾಪಮಾನದ ಜೊತೆ ಅದರ ಡ್ರಿಫ್ಟ್ ಗರಿಷ್ಠ ಡಿಗ್ರಿಗೆ 0.25 ಮೈಕ್ರೋವೋಲ್ಟ್. 60 ಡಿಗ್ರಿ ಏರಿದ್ರೆ 15 ಮೈಕ್ರೋವೋಲ್ಟ್, ನಿಮ್ಮ 1 ಮಿಲಿಓಮ್ ಶಂಟ್ ಮೇಲೆ ಅದು 15 ಮಿಲಿಆಂಪ್. ನಿಮಗೆ ಕಾಣ್ತಿರೋದು 60 ಆಂಪ್‌ಗೆ 2 ಆಂಪ್ ವ್ಯತ್ಯಾಸ, ಹತ್ರಕ್ಕೂ ಬರಲ್ಲ. ಅಲ್ದೆ ಆಫ್‌ಸೆಟ್ ಆಗಿದ್ರೆ ಎಲ್ಲಾ ಕರೆಂಟ್‌ನಲ್ಲೂ ಅಷ್ಟೇ ಆಂಪ್ಸ್ ತಪ್ಪಿರ್ಬೇಕು, ನೀವು ಪರ್ಸೆಂಟ್ ಅಂತಿದೀರ, ಅಂದ್ರೆ ಗೇನ್ ಥರದ ತಪ್ಪು. ಚಿಪ್‌ನ ಗೇನ್ ಡ್ರಿಫ್ಟ್ ಡಿಗ್ರಿಗೆ ಗರಿಷ್ಠ 2.5 ಪಿಪಿಎಂ (ಹತ್ತು ಲಕ್ಷಕ್ಕೆ 2.5 ಭಾಗ), 60 ಡಿಗ್ರಿಗೆ 0.015 ಪರ್ಸೆಂಟ್. ಆಂಪ್ಲಿಫೈಯರ್ ನಿರಪರಾಧಿ.

ಶಂಟ್ ಟಿಸಿಆರ್ (ಒಂದು ಡಿಗ್ರಿಗೆ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತೆ ಅನ್ನೋದು) 75 ಪಿಪಿಎಂ ಅಂತ ಇಟ್ಕೊಳ್ಳಿ, 60 ಡಿಗ್ರಿಗೆ 0.45 ಪರ್ಸೆಂಟ್. ಇನ್ನೂ 3 ಪರ್ಸೆಂಟ್ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ. ನಂಗೆ ಎರಡು ವಿಷಯ ಹೇಳಿ: ಸೆನ್ಸ್ ಟ್ರೇಸ್‌ಗಳು (ಶಂಟ್ ವೋಲ್ಟೇಜ್‌ನ ಆಂಪ್ಲಿಫೈಯರ್‌ಗೆ ಒಯ್ಯೋ ಸಣ್ಣ ಗೆರೆಗಳು) ಶಂಟ್ ಪ್ಯಾಡ್‌ನ ಯಾವ ಜಾಗದಿಂದ ಹೊರಡ್ತವೆ? ಫರ್ಮ್‌ವೇರ್‌ನಲ್ಲಿ ಕರೆಂಟ್‌ಗೆ ಯಾವುದಾದ್ರೂ ಸ್ಕೇಲ್ ಫ್ಯಾಕ್ಟರ್ ಹಾಕಿದಾರಾ?

ಮೋಟಾರ್_ಡ್ರೈವ್
ನೋಡ್ದೆ. ಸೆನ್ಸ್ ಟ್ರೇಸ್ ಪ್ಯಾಡ್‌ನಿಂದ ಅಲ್ಲ, ಪ್ಯಾಡ್ ಪಕ್ಕದ ದೊಡ್ಡ ಕಾಪರ್ ಪೋರ್‌ನಿಂದ (ಅಗಲವಾದ ತಾಮ್ರದ ಹರವು), ಶಂಟ್‌ನಿಂದ ಸ್ವಲ್ಪ ಆಚೆಗೆ ಒಂದು ವಯಾ (ಬೋರ್ಡ್ ಪದರ ದಾಟೋ ತೂತು) ಮೂಲಕ ಹೊರಟಿದೆ, ಎರಡೂ ಕಡೆ. ಸ್ಕೇಲ್ ಫ್ಯಾಕ್ಟರ್ ಇದೆ, 0.9. ಯಾಕೆ ಅಂತ ಕಾಮೆಂಟ್ ಏನೂ ಬರೆದಿಲ್ಲ. ಇನ್ನೊಂದು, ಆಂಪ್ಲಿಫೈಯರ್ ಇನ್‌ಪುಟ್‌ನಲ್ಲಿ ಎರಡು ಕಡೆ 100 ಓಮ್, ನಡುವೆ 100 ನ್ಯಾನೋಫ್ಯಾರಡ್ ಫಿಲ್ಟರ್ ಇದೆ.

ಮಿಲಿಓಮ್
ಸಿಕ್ತು ನೋಡಿ, ಆ 0.9 ಕತೆನೆಲ್ಲಾ ಹೇಳುತ್ತೆ.

ಒಂದು ಔನ್ಸ್ ಕಾಪರ್‌ನ ರೆಸಿಸ್ಟೆನ್ಸ್ ಒಂದು ಚೌಕಕ್ಕೆ ಸುಮಾರು ಅರ್ಧ ಮಿಲಿಓಮ್. ಉದ್ದ ಅಗಲ ಸಮ ಇರೋ ಯಾವ ಚೌಕ ಆದ್ರೂ ಅಷ್ಟೇ, ಸೈಜ್ ಲೆಕ್ಕಕ್ಕಿಲ್ಲ. ನಿಮ್ಮ ಸೆನ್ಸ್ ಪಾಯಿಂಟ್‌ಗೂ ಶಂಟ್‌ಗೂ ನಡುವೆ ಎರಡು ಕಡೆ ಸೇರಿ ಚೌಕದ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಕಾಪರ್ ಇದ್ರೂ ಸಾಕು, 0.15 ಮಿಲಿಓಮ್ ಬಂತು. ಅದರಲ್ಲಿ ಪೂರ್ತಿ 60 ಆಂಪ್ಸ್ ಹರೀತಿದೆ, ಆ ಡ್ರಾಪ್ ಕೂಡ ನಿಮ್ಮ ಆಂಪ್ಲಿಫೈಯರ್‌ಗೆ ಶಂಟ್ ವೋಲ್ಟೇಜ್ ಥರಾನೇ ಕಾಣುತ್ತೆ. ಅಂದ್ರೆ ನೀವು ಅಳೀತಿರೋದು 1 ಮಿಲಿಓಮ್ ಅಲ್ಲ, 1.15 ಮಿಲಿಓಮ್.

ಕಾಪರ್ ಟಿಸಿಆರ್ ಡಿಗ್ರಿಗೆ 0.39 ಪರ್ಸೆಂಟ್, ಒಳ್ಳೆ ಶಂಟ್‌ಗೆ ಹೋಲಿಸಿದ್ರೆ ಐವತ್ತು ಪಟ್ಟು ಜಾಸ್ತಿ. 60 ಡಿಗ್ರಿಗೆ ಅದು 23 ಪರ್ಸೆಂಟ್ ಏರುತ್ತೆ, 0.15 ಹೋಗಿ 0.185 ಆಗುತ್ತೆ. ಒಟ್ಟು 1.15 ರಲ್ಲಿ ಆ 0.035 ಅಂದ್ರೆ 3 ಪರ್ಸೆಂಟ್. ಶಂಟ್‌ನ 0.45 ಹತ್ರತ್ರ ಸೇರಿಸಿ, ನಿಮ್ಮ ಮೂರೂವರೆ ಬಂತು.

ಈಗ 0.9 ಎಲ್ಲಿಂದ ಬಂತು ನೋಡಿ. ಕಾಪರ್‌ನಿಂದ ರೀಡಿಂಗ್ 15 ಪರ್ಸೆಂಟ್ ಜಾಸ್ತಿ. ಫಿಲ್ಟರ್‌ನ 100 ಓಮ್ ಆಂಪ್ಲಿಫೈಯರ್ ಒಳಗಿನ ಇನ್‌ಪುಟ್ ರೆಸಿಸ್ಟೆನ್ಸ್ ಜೊತೆ ಸೇರಿ ಡಿವೈಡರ್ ಥರ ಕೆಲಸ ಮಾಡುತ್ತೆ, ಒಳಗಿಂದು 3 ಕಿಲೋಓಮ್ ಅಂತ ಇಟ್ಕೊಂಡ್ರೆ 3000 ಭಾಗ 3100, ಅಂದ್ರೆ 3.2 ಪರ್ಸೆಂಟ್ ಕಮ್ಮಿ. 1.15 ಗುಣಿಸು 0.968 ಅಂದ್ರೆ 1.113. ಇದನ್ನ ಸರಿ ಮಾಡೋಕೆ 0.898 ಬೇಕು. ಯಾರೋ ಕೋಣೆ ತಾಪಮಾನದಲ್ಲಿ ಕ್ಲಾಂಪ್ ಮೀಟರ್ ಇಟ್ಟು 0.9 ಅಂತ ಹಾಕಿ ಮುಗಿಸಿದಾರೆ, ಎರಡು ಬೇರೆ ಬೇರೆ ತಪ್ಪು ಒಂದೇ ನಂಬರ್ ಹಿಂದೆ ಅಡಗಿ ಕೂತಿವೆ. ಕಾರಣ ಗೊತ್ತಿಲ್ಲದ ಸ್ಕೇಲ್ ಫ್ಯಾಕ್ಟರ್ ಕಂಡ್ರೆ ನಾನು ಮೊದಲು ಲೇಔಟ್ ತೆರೀತೀನಿ, ಗೇನ್ 0.2 ಪರ್ಸೆಂಟ್ ಗ್ಯಾರಂಟಿ ಕೊಡೋ ಚಿಪ್‌ಗೆ 10 ಪರ್ಸೆಂಟ್ ತಿದ್ದುಪಡಿ ಯಾಕೆ ಬೇಕು ಹೇಳಿ.

ಫರ್ಮ್‌ವೇರ್_ಬೆಂಚ್
ಒಂದು ಡೌಟ್. ಬೋರ್ಡ್ ಮೇಲೆ ಎನ್‌ಟಿಸಿ (ತಾಪಮಾನ ಅಳೆಯೋ ರೆಸಿಸ್ಟರ್) ಇದ್ದೇ ಇರುತ್ತೆ, ತಾಪಮಾನ ಗೊತ್ತು, ಕಾಪರ್‌ನ 0.39 ಪರ್ಸೆಂಟ್ ಕೂಡ ಗೊತ್ತು, ಹಂಗಿದ್ಮೇಲೆ ಸಾಫ್ಟ್‌ವೇರ್‌ನಲ್ಲೇ ಕಾಂಪೆನ್ಸೇಟ್ ಮಾಡಬಹುದಲ್ವಾ, ಬೋರ್ಡ್ ರೀಸ್ಪಿನ್ (ಹೊಸದಾಗಿ ಡಿಸೈನ್ ಮಾಡಿಸೋದು) ಯಾಕೆ?

ಅನಲಾಗ್_ಹಳಬ
ಮಾಡಬಹುದು, ಕೆಲವು ಸಲ ಬೇರೆ ದಾರಿ ಇಲ್ದೆ ಮಾಡ್ತಾರೂ ಕೂಡ. ಆದ್ರೆ ಎನ್‌ಟಿಸಿ ಹೇಳೋದು ಎನ್‌ಟಿಸಿ ಕೂತಿರೋ ಜಾಗದ ತಾಪಮಾನ. 60 ಆಂಪ್ಸ್‌ನಲ್ಲಿ 1 ಮಿಲಿಓಮ್ ಶಂಟ್ ಒಂದೇ 3.6 ವ್ಯಾಟ್ ಬಿಸಿ ಬಿಡುತ್ತೆ, ಅದರ ಪಕ್ಕದ ಕಾಪರ್ ಎನ್‌ಟಿಸಿ ಜಾಗಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಮೇಲಿದ್ರೂ ಆಶ್ಚರ್ಯ ಇಲ್ಲ, ಮತ್ತೆ ಕರೆಂಟ್ ಏರಿಳಿದಾಗ ಶಂಟ್ ಬೇಗ ಬಿಸಿ ಆಗುತ್ತೆ, ಎನ್‌ಟಿಸಿ ಆಮೇಲೆ ನಿಧಾನಕ್ಕೆ ಹಿಂದೆ ಬರುತ್ತೆ. ಅದಕ್ಕಿಂತ ಮುಖ್ಯವಾಗಿ ಕಾಪರ್ ದಪ್ಪ, ಪ್ಲೇಟಿಂಗ್, ಸಾಲ್ಡರ್ ಎಷ್ಟು ನಿಂತಿದೆ ಅನ್ನೋದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ಆ 0.15 ಮಿಲಿಓಮ್ ಒಂದರಲ್ಲಿ 0.12, ಇನ್ನೊಂದರಲ್ಲಿ 0.18. ಫಿಲ್ಟರ್ ಕಡೆನೂ ಇದೇ ಕತೆ. ಚಿಪ್ ಒಳಗಿನ ರೆಸಿಸ್ಟರ್‌ಗಳು ಒಂದಕ್ಕೊಂದು ತುಂಬಾ ಚೆನ್ನಾಗಿ ಮ್ಯಾಚ್ ಆಗಿರ್ತವೆ, ಆದ್ರೆ ಅವುಗಳ ನಿಜವಾದ ಬೆಲೆ 15-20 ಪರ್ಸೆಂಟ್ ಆಚೀಚೆ ಇರೋದು ಮಾಮೂಲು. ಹಂಗಾಗಿ ಹೊರಗೆ 100 ಓಮ್ ಹಾಕಿದ್ರೆ ಒಂದು ಚಿಪ್‌ನಲ್ಲಿ 2.7 ಪರ್ಸೆಂಟ್ ಕಮ್ಮಿ ಬರುತ್ತೆ, ಇನ್ನೊಂದರಲ್ಲಿ 4. ಇನ್‌ಪುಟ್‌ನಲ್ಲಿ 10 ಓಮ್ ದಾಟಬೇಡಿ. 10 ಓಮ್‌ಗೆ ತಪ್ಪು 0.33 ಪರ್ಸೆಂಟ್, ಅದರ ಹರಡುವಿಕೆ ಇನ್ನೂ ಚಿಕ್ಕದು. ಜಾಸ್ತಿ ಫಿಲ್ಟರ್ ಬೇಕು ಅಂದ್ರೆ ಔಟ್‌ಪುಟ್ ಕಡೆ ಹಾಕ್ಕೊಳ್ಳಿ.

ಇನ್‌ಪುಟ್‌ನಲ್ಲಿ ಫಿಲ್ಟರ್ ಬೇಕಾಗೋದು ಮುಖ್ಯವಾಗಿ ಶಂಟ್‌ನ ಇಂಡಕ್ಟೆನ್ಸ್‌ಗೋಸ್ಕರ. ಶಂಟ್ 2 ನ್ಯಾನೋಹೆನ್ರಿ, 1 ಮಿಲಿಓಮ್ ಅಂದ್ರೆ ಎಲ್ ಬೈ ಆರ್ (ಇಂಡಕ್ಟೆನ್ಸ್ ಭಾಗ ರೆಸಿಸ್ಟೆನ್ಸ್) 2 ಮೈಕ್ರೋಸೆಕೆಂಡ್. ಎರಡು ಕಡೆ 10 ಓಮ್, ನಡುವೆ 100 ನ್ಯಾನೋ ಹಾಕಿದ್ರೆ ಆರ್‌ಸಿ ಕೂಡ 2 ಮೈಕ್ರೋಸೆಕೆಂಡ್, ಒಂದು ಏರಿಸಿದ್ದನ್ನ ಇನ್ನೊಂದು ಇಳಿಸುತ್ತೆ. ಫೇಸ್ ಲೈನ್‌ನಲ್ಲಿ ಮೋಟಾರ್ ಇಂಡಕ್ಟೆನ್ಸ್ ಇರೋದ್ರಿಂದ ಕರೆಂಟ್ ಬದಲಾಗೋ ವೇಗ ಕಮ್ಮಿ: 48 ವೋಲ್ಟ್, 100 ಮೈಕ್ರೋಹೆನ್ರಿ ಅಂದ್ರೆ ಮೈಕ್ರೋಸೆಕೆಂಡ್‌ಗೆ ಅರ್ಧ ಆಂಪ್. ಆಗಲೂ ಆ 2 ನ್ಯಾನೋಹೆನ್ರಿ ಮೇಲೆ ಸುಮಾರು 1 ಮಿಲಿವೋಲ್ಟ್ ಏಳುತ್ತೆ, ನಿಮ್ಮ ಲೆಕ್ಕದಲ್ಲಿ 1 ಆಂಪ್! ಲೋ ಸೈಡ್ ಲೆಗ್‌ನಲ್ಲಿ (ಗ್ರೌಂಡ್ ಕಡೆ) ಶಂಟ್ ಇಟ್ಟವರಿಗಂತೂ ಸ್ವಿಚ್ ಆಗೋವಾಗ ಮೈಕ್ರೋಸೆಕೆಂಡ್‌ಗೆ 100 ಆಂಪ್ ಬದಲಾಗಬಹುದು, ಆಗ 200 ಮಿಲಿವೋಲ್ಟ್ ಸ್ಪೈಕ್, ಶಂಟ್‌ನ ನಿಜವಾದ ಸಿಗ್ನಲ್‌ಗಿಂತ ದೊಡ್ಡದು.

ಓಪ್‌ಆಂಪ್_ಸಾಕು
ನಂದೊಂದು ಬೇರೆ ಪ್ರಶ್ನೆ, ತಪ್ಪು ತಿಳ್ಕೋಬೇಡಿ. ಇದಕ್ಕೆಲ್ಲಾ ವಿಶೇಷ ಚಿಪ್ ಬೇಕೇ ಬೇಕಾ? ಒಳ್ಳೆ ಓಪ್ ಆಂಪ್ ತಗೊಂಡು ನಾಲ್ಕು 0.1 ಪರ್ಸೆಂಟ್ ರೆಸಿಸ್ಟರ್ ಹಾಕಿ ಡಿಫರೆನ್ಸ್ ಆಂಪ್ಲಿಫೈಯರ್ ಮಾಡಿದ್ರೆ ಆಗಲ್ವಾ? ನಾವು ಲೋ ಸೈಡ್‌ನಲ್ಲಿ ಹಂಗೇ ಮಾಡ್ತೀವಿ, ಚೆನ್ನಾಗೇ ಕೆಲಸ ಮಾಡುತ್ತೆ.

ಮಿಲಿಓಮ್
ಲೋ ಸೈಡ್‌ನಲ್ಲಿ ಖಂಡಿತ ಆಗುತ್ತೆ, ಅಲ್ಲಿ ಕಾಮನ್ ಮೋಡ್ (ಎರಡೂ ಇನ್‌ಪುಟ್‌ಗೆ ಸಮಾನವಾಗಿ ಬರೋ ವೋಲ್ಟೇಜ್) ಸೊನ್ನೆ ಹತ್ರ, ರೆಸಿಸ್ಟರ್ ಮ್ಯಾಚ್ ಆಗದಿದ್ರೂ ಅದು ದೊಡ್ಡ ವೋಲ್ಟೇಜ್ ಮೇಲೆ ಕೆಲಸ ಮಾಡ್ತಿಲ್ಲ. ಮೇಲೆ ಹೋದ ಕೂಡ್ಲೆ ಲೆಕ್ಕ ಬದಲಾಗುತ್ತೆ. ನಾಲ್ಕು ರೆಸಿಸ್ಟರ್ 0.1 ಪರ್ಸೆಂಟ್, ಗೇನ್ 20 ಅಂದ್ರೆ ಕೆಟ್ಟ ಸಂದರ್ಭದಲ್ಲಿ ಸಿಎಂಆರ್‌ಆರ್ (ಆ ಕಾಮನ್ ಮೋಡ್‌ನ ಎಷ್ಟು ಪಟ್ಟು ತಡೆಯುತ್ತೆ ಅನ್ನೋ ಅಳತೆ) 21 ಭಾಗ 0.004, ಅಂದ್ರೆ 5250, ಸುಮಾರು 74 ಡಿಬಿ. ಕೇಳೋಕೆ ದೊಡ್ಡದು ಅನ್ಸುತ್ತೆ. ಆದ್ರೆ 48 ವೋಲ್ಟ್‌ನ 5250 ರಿಂದ ಭಾಗ ಮಾಡಿ, 9 ಮಿಲಿವೋಲ್ಟ್ ಇನ್‌ಪುಟ್‌ನಲ್ಲೇ ತಪ್ಪು, 1 ಮಿಲಿಓಮ್ ಮೇಲೆ 9 ಆಂಪ್ಸ್. ಐಎನ್‌ಎ240 ಡಿಸಿಯಲ್ಲಿ 132 ಡಿಬಿ ಹತ್ರ ಕೊಡುತ್ತೆ, ಅದೇ 48 ವೋಲ್ಟ್‌ಗೆ 12 ಮೈಕ್ರೋವೋಲ್ಟ್, 12 ಮಿಲಿಆಂಪ್.

ಮತ್ತೆ ಲೋ ಸೈಡ್ ಶಂಟ್ ಅಂದ್ರೆ ಲೋಡ್‌ನ ಗ್ರೌಂಡ್ ಸಿಸ್ಟಮ್ ಗ್ರೌಂಡ್‌ಗಿಂತ ಮೇಲೆ ಎದ್ದು ಕೂರುತ್ತೆ, ಮತ್ತೆ ಲೋಡ್ ವೈರ್ ಎಲ್ಲೋ ಚಾಸಿಸ್‌ಗೆ ತಾಗಿ ಶಾರ್ಟ್ ಆದ್ರೆ ಆ ಕರೆಂಟ್ ಶಂಟ್ ಮೂಲಕ ಹೋಗೋದೇ ಇಲ್ಲ, ನಿಮ್ಮ ಬೋರ್ಡ್‌ಗೆ ಗೊತ್ತೇ ಆಗಲ್ಲ. ಗಾಡಿಯಲ್ಲಿ ಇಡೀ ಬಾಡಿನೇ ಗ್ರೌಂಡ್, ಹಂಗಾಗಿ ಅಲ್ಲಿ ಹೈ ಸೈಡ್ ಸೆನ್ಸಿಂಗ್‌ಗೆ ಅಷ್ಟು ಮಹತ್ವ. ಸಣ್ಣ ಫ್ಯಾನ್, ಒಂದೇ ಕಡೆ ತಿರುಗೋ ಪಂಪ್ ಇಂಥದ್ದಕ್ಕೆ ನಿಮ್ಮ ಲೋ ಸೈಡ್ ಓಪ್ ಆಂಪ್ ಇರ್ಲಿ, ಅದನ್ನ ಬಿಡಿ ಅಂತ ನಾನು ಹೇಳಲ್ಲ.

ಬ್ಯಾಟರಿ_ಬದಿ
ಗಾಡಿ ವಿಷಯ ಬಂತು ಅಂತ ಬರೀತಿದೀನಿ. 12 ವೋಲ್ಟ್ ಬ್ಯಾಟರಿ ಸೆನ್ಸರ್ ಮೇಲೆ ಕೆಲಸ ಮಾಡೋರಿಗೆ ಈ ಮೈಕ್ರೋವೋಲ್ಟ್‌ಗಳು ಇನ್ನೂ ಕಾಡ್ತವೆ. ಕ್ರ್ಯಾಂಕ್ ಆಗೋವಾಗ ನೂರಾರು ಆಂಪ್ಸ್ ಹೋಗುತ್ತೆ, ಅದಕ್ಕೆ ಶಂಟ್ 100 ಮೈಕ್ರೋಓಮ್ ಥರ ತುಂಬಾ ಚಿಕ್ಕದು ಬೇಕು, ಇಲ್ಲಾಂದ್ರೆ ಬಿಸಿ ತಡೆಯಲ್ಲ. ಅದೇ ಶಂಟ್ ಮೇಲೆ ಗಾಡಿ ನಿಂತಾಗ ಹರಿಯೋ 10 ಮಿಲಿಆಂಪ್ ಅಳೀಬೇಕು ಅಂದ್ರೆ ಸಿಗ್ನಲ್ 1 ಮೈಕ್ರೋವೋಲ್ಟ್. ಮಾಮೂಲಿ ಓಪ್ ಆಂಪ್ ಆಫ್‌ಸೆಟ್ ಮಿಲಿವೋಲ್ಟ್ ಲೆಕ್ಕದಲ್ಲಿ ಇರುತ್ತೆ, ಅದಕ್ಕೇ ಇಲ್ಲಿ ಎಲ್ಲಾ ಝೀರೋ ಡ್ರಿಫ್ಟ್, ಚಾಪರ್ ಥರದವು (ತಮ್ಮ ಆಫ್‌ಸೆಟ್ ತಾವೇ ತಿದ್ದಿಕೊಳ್ಳೋ ಆಂಪ್ಲಿಫೈಯರ್‌ಗಳು). ಐಎನ್‌ಎ228 ಥರ ಎಡಿಸಿ ಒಳಗೇ ಇರೋ ಚಿಪ್‌ನಲ್ಲಿ ಆಫ್‌ಸೆಟ್ ಗರಿಷ್ಠ 1 ಮೈಕ್ರೋವೋಲ್ಟ್, 20 ಬಿಟ್. ಆಫ್‌ಸೆಟ್‌ನಿಂದ 20 ಮಿಲಿಆಂಪ್ ತಪ್ಪು ಇದ್ರೆ ಏನಾಯ್ತು ಅನ್ನಬೇಡಿ, ಕೂಲಂಬ್ ಕೌಂಟಿಂಗ್‌ನಲ್ಲಿ (ಕರೆಂಟ್ ಕೂಡಿಸ್ತಾ ಬ್ಯಾಟರಿ ಚಾರ್ಜ್ ಲೆಕ್ಕ ಹಾಕೋದು) ಅದು ದಿನಕ್ಕೆ 0.48 ಆಂಪಿಯರ್ ಅವರ್ ಆಗಿ ಕೂಡ್ತಾ ಹೋಗುತ್ತೆ, ಗಾಡಿ ನಿಂತಷ್ಟು ದಿನವೂ.

ಇಷ್ಟು ಕೆಳಗೆ ಬಂದ್ಮೇಲೆ ಶಂಟ್ ಯಾವ ಲೋಹ ಅನ್ನೋದೂ ಮುಖ್ಯ. ಮ್ಯಾಂಗನಿನ್ ಯಾಕೆ ಬಳಸ್ತಾರೆ ಅಂದ್ರೆ ಟಿಸಿಆರ್ ಕಮ್ಮಿ ಅನ್ನೋದು ಒಂದು, ಕಾಪರ್ ಜೊತೆ ಸೇರೋ ಜಾಗದಲ್ಲಿ ಹುಟ್ಟೋ ಥರ್ಮಲ್ ಇಎಂಎಫ್ (ತಾಪಮಾನ ವ್ಯತ್ಯಾಸದಿಂದ ಬರೋ ವೋಲ್ಟೇಜ್) ಡಿಗ್ರಿಗೆ 1 ಮೈಕ್ರೋವೋಲ್ಟ್ ಆಸುಪಾಸು ಅನ್ನೋದು ಇನ್ನೊಂದು. ಕಾನ್‌ಸ್ಟಾಂಟನ್ ಆದ್ರೆ 40 ಮೈಕ್ರೋವೋಲ್ಟ್, ಅದಕ್ಕೇ ಅದನ್ನ ಥರ್ಮೋಕಪಲ್‌ಗೆ ಬಳಸೋದು. ಶಂಟ್‌ನ ಒಂದು ತುದಿ ಮಾಸ್‌ಫೆಟ್ ಪಕ್ಕ, ಇನ್ನೊಂದು ತುದಿ ತಣ್ಣಗಿರೋ ಕನೆಕ್ಟರ್ ಪಕ್ಕ ಇದ್ರೆ ಕರೆಂಟ್ ಇಲ್ದೇನೇ ಕರೆಂಟ್ ಕಾಣುತ್ತೆ. ಎರಡೂ ತುದಿ ಒಂದೇ ತಾಪಮಾನದಲ್ಲಿ ಇರೋ ಥರ ಲೇಔಟ್ ಮಾಡಿ.

ಇನ್ನು ಬದುಕುಳಿಯೋ ವಿಷಯ. ಗಾಡಿಗೆ ಹಾಕೋ ಚಿಪ್‌ಗಳ ಪರೀಕ್ಷಾ ಮಾನದಂಡ ಎಇಸಿ ಕ್ಯೂ100, ಅದರಲ್ಲಿ ಗ್ರೇಡ್ 1 ಅಂದ್ರೆ ಮೈನಸ್ 40 ರಿಂದ 125 ಡಿಗ್ರಿ, ಗ್ರೇಡ್ 0 ಅಂದ್ರೆ 150 ವರೆಗೆ. ಶಂಟ್ ಪ್ಯಾಸಿವ್ ಆಗಿರೋದ್ರಿಂದ ಅದಕ್ಕೆ ಎಇಸಿ ಕ್ಯೂ200. ಐಎಸ್‌ಒ 16750-2 ಪ್ರಕಾರ 12 ವೋಲ್ಟ್ ಗಾಡಿಯಲ್ಲಿ ಲೋಡ್ ಡಂಪ್ (ಚಾರ್ಜ್ ಆಗ್ತಿರೋವಾಗ ಬ್ಯಾಟರಿ ಕಳಚಿದ್ರೆ ಏಳೋ ವೋಲ್ಟೇಜ್), ಅದನ್ನ ತಡೆಯೋ ಕ್ಲಾಂಪ್ ಇದ್ರೆ 35 ವೋಲ್ಟ್, ಇಲ್ಲದಿದ್ರೆ 101 ವೋಲ್ಟ್ ತನಕ. 36 ವೋಲ್ಟ್ ರೇಟಿಂಗ್ ಇರೋ ಚಿಪ್‌ನ ನೇರವಾಗಿ ಬ್ಯಾಟರಿ ಲೈನ್‌ಗೆ ತಗಲಿಸೋ ಮುಂಚೆ ಆ ಕ್ಲಾಂಪ್ ನಿಜವಾಗ್ಲೂ ಇದ್ಯಾ ಅಂತ ನೋಡ್ಕೊಳ್ಳಿ.

ಮೋಟಾರ್_ಡ್ರೈವ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಬೋರ್ಡ್‌ನಲ್ಲಿ ಸೆನ್ಸ್ ಟ್ರೇಸ್ ಕಟ್ ಮಾಡಿ, ಶಂಟ್ ಪ್ಯಾಡ್‌ಗಳ ಒಳ ಅಂಚಿನಿಂದ ಸಣ್ಣ ಎನಾಮಲ್ ವೈರ್ ಎರಡು ಒಟ್ಟಿಗೆ ತಿರುಚಿ ಆಂಪ್ಲಿಫೈಯರ್‌ಗೆ ಎಳೆದೆ. ಸ್ಕೇಲ್ ಫ್ಯಾಕ್ಟರ್ 1 ಮಾಡ್ದೆ. ಕ್ಲಾಂಪ್ ಮೀಟರ್‌ಗಿಂತ 3 ಪರ್ಸೆಂಟ್ ಕಮ್ಮಿ ಬಂತು, ಮಿಲಿಓಮ್ ಅವರು ಹೇಳಿದಂಗೇ. 100 ಓಮ್ ತೆಗೆದು 10 ಹಾಕಿದ್ಮೇಲೆ ಅದೂ ಹೋಯ್ತು. ಬಿಸಿಯಾದ್ರೆ ಈಗ ಅರ್ಧ ಪರ್ಸೆಂಟ್ ಆಸುಪಾಸು, ಅದು ಶಂಟ್‌ನದ್ದೇ ಇರ್ಬೇಕು. ಆದ್ರೆ ಡ್ಯೂಟಿ ಬದಲಾದ್ರೆ ಸೊನ್ನೆ ಅಲುಗಾಡೋದು ಇನ್ನೂ ಹಂಗೇ ಇದೆ, ಅದಕ್ಕೆ ಇದ್ಯಾವುದೂ ತಾಗಿಲ್ಲ.

ಅನಲಾಗ್_ಹಳಬ
ರೆಫ್ ಪಿನ್‌ಗೆ (ಕರೆಂಟ್ ಸೊನ್ನೆ ಇದ್ದಾಗ ಔಟ್‌ಪುಟ್ ಎಲ್ಲಿರ್ಬೇಕು ಅಂತ ಹೇಳೋ ಪಿನ್) 1.65 ವೋಲ್ಟ್ ಎಲ್ಲಿಂದ ಕೊಟ್ಟಿದೀರ?

ಮೋಟಾರ್_ಡ್ರೈವ್
ಎರಡು 10 ಕಿಲೋಓಮ್ ಡಿವೈಡರ್, ನೇರವಾಗಿ ಎರಡೂ ರೆಫ್ ಪಿನ್‌ಗೆ. ಬಫರ್ ಇಲ್ಲ.

ಅನಲಾಗ್_ಹಳಬ
ಅದೇ. ಡಿವೈಡರ್‌ನ ಸೋರ್ಸ್ ಇಂಪೀಡೆನ್ಸ್ 5 ಕಿಲೋಓಮ್, ಅದು ಚಿಪ್ ಒಳಗೆ ಟ್ರಿಮ್ ಮಾಡಿ ಮ್ಯಾಚ್ ಮಾಡಿರೋ ರೆಸಿಸ್ಟರ್‌ಗಳ ಒಂದು ಕೈಗೆ ಹೋಗಿ ಸೇರ್ಕೊಳ್ಳುತ್ತೆ, ಇನ್ನೊಂದು ಕೈಗೆ ಸೇರಲ್ಲ. ಮ್ಯಾಚಿಂಗ್ ಹೋಯ್ತು, ಅದರ ಜೊತೆ ಸಿಎಂಆರ್‌ಆರ್ ಕೂಡ. ಫೇಸ್ ನೋಡ್‌ನ ಸರಾಸರಿ ವೋಲ್ಟೇಜ್ ಅಂದ್ರೆ ಡ್ಯೂಟಿ ಗುಣಿಸು 48, ಹಂಗಾಗಿ ಡ್ಯೂಟಿ ಬದಲಾದಂಗೆ ಸೊನ್ನೆ ಅಲುಗಾಡುತ್ತೆ. ಈ ಚಿಪ್‌ನಲ್ಲಿ ರೆಫ್1 ಸಪ್ಲೈಗೆ, ರೆಫ್2 ಗ್ರೌಂಡ್‌ಗೆ ಕೊಟ್ರೆ ಒಳಗೇ ಸರಿಯಾಗಿ ಅರ್ಧ ಆಗುತ್ತೆ, ಹೊರಗಿನ ಡಿವೈಡರೇ ಬೇಡ. ಎಡಿಸಿ ರೆಫರೆನ್ಸ್ ಕೂಡ ಅದೇ 3.3 ಆಗಿದ್ರೆ ಸಪ್ಲೈ ಅಲುಗಾಡಿದ್ರೂ ಸೊನ್ನೆ ಬಿಂದು ಅದರ ಜೊತೆನೇ ಹೋಗುತ್ತೆ. ಬೇರೆ ವೋಲ್ಟೇಜ್ ಬೇಕಾದ್ರೆ ಮಾತ್ರ ಓಪ್ ಆಂಪ್ ಬಫರ್ ಹಾಕಿ.

ಜೊತೆಗೆ ಎಡಿಸಿ ಸ್ಯಾಂಪಲ್ ಯಾವಾಗ ತಗೋತೀರ ಅದನ್ನೂ ನೋಡಿ. ನೋಡ್ ಸೊನ್ನೆಯಿಂದ 48ಕ್ಕೆ ನೂರು ನ್ಯಾನೋಸೆಕೆಂಡ್ ಒಳಗೆ ಹಾರುತ್ತೆ, ಎಷ್ಟೇ ಒಳ್ಳೆ ಆಂಪ್ಲಿಫೈಯರ್ ಆದ್ರೂ ಫ್ರೀಕ್ವೆನ್ಸಿ ಏರಿದಂಗೆ ಸಿಎಂಆರ್‌ಆರ್ ಇಳಿಯುತ್ತೆ, ಇದರಲ್ಲೂ 50 ಕಿಲೋಹರ್ಟ್ಜ್‌ಗೆ 93 ಡಿಬಿ ಅಷ್ಟೇ. ಸೆಂಟರ್ ಅಲೈನ್ಡ್ ಪಿಡಬ್ಲ್ಯೂಎಂ (ಪಲ್ಸ್ ಪ್ರತಿ ಅವಧಿಯ ಮಧ್ಯಕ್ಕೆ ಸಮವಾಗಿ ಬರೋದು) ಇಟ್ಟು ಸರಿಯಾಗಿ ಮಧ್ಯದಲ್ಲಿ ಸ್ಯಾಂಪಲ್ ಮಾಡಿ, ಎರಡು ಎಡ್ಜ್‌ಗಳಿಂದಲೂ ದೂರ ಇರ್ತೀರ, ರಿಪಲ್‌ನ ಸರಾಸರಿನೂ ಅಲ್ಲೇ ಸಿಗುತ್ತೆ.

ಪ್ಲಾಂಟ್_ಪ್ಯಾನೆಲ್
ನಾನು ಇಂಡಸ್ಟ್ರಿಯಲ್ ಕಡೆಯವನು. ನಮ್ಮ ಡ್ರೈವ್‌ಗಳಲ್ಲಿ ಡಿಸಿ ಬಸ್ 600 ವೋಲ್ಟ್ ಹತ್ರ, ಇವೆಲ್ಲಾ 80 ವೋಲ್ಟ್‌ಗೆ ಮುಗಿಯೋ ಚಿಪ್‌ಗಳು. ಅಲ್ಲಿ ಹಾಲ್ ಸೆನ್ಸರ್ (ಕರೆಂಟ್‌ನ ಕಾಂತಕ್ಷೇತ್ರ ಅಳೆಯೋದು) ಒಂದೇ ದಾರಿನಾ, ಶಂಟ್ ಬಳಸೋರು ಇದಾರಾ? ಇನ್ನೊಂದು, ಪ್ಲಸ್ 10 ಮಿಲಿಆಂಪ್ ಕೂಡ ಸೊನ್ನೆ ಅಂತ ತೋರಿಸೋ ಒಂದು ಸಿಂಗಲ್ ಸಪ್ಲೈ ಬೋರ್ಡ್ ನಮ್ಮಲ್ಲಿದೆ, ಅದರ ಕಾರಣನೂ ಗೊತ್ತಿದ್ರೆ ಹೇಳಿ.

ಮಿಲಿಓಮ್
ಎರಡನೇದು ಮೊದಲು ಹೇಳ್ತೀನಿ, ಅದು ಆಫ್‌ಸೆಟ್ ಅಲ್ಲ, ಔಟ್‌ಪುಟ್ ಸ್ವಿಂಗ್. ಸಿಂಗಲ್ ಸಪ್ಲೈನಲ್ಲಿ ರೇಲ್ ಟು ರೇಲ್ ಅಂತ ಬರೆದಿದ್ರೂ ಔಟ್‌ಪುಟ್ ಗ್ರೌಂಡ್‌ವರೆಗೆ ಪೂರ್ತಿ ಇಳಿಯಲ್ಲ, 10 ಮಿಲಿವೋಲ್ಟ್ ಹತ್ರ ನಿಂತ್ಬಿಡುತ್ತೆ. ಗೇನ್ 20, ಶಂಟ್ 1 ಮಿಲಿಓಮ್ ಆಗಿದ್ರೆ ಮೊದಲ ಅರ್ಧ ಆಂಪ್ ಕಣ್ಣಿಗೇ ಬೀಳಲ್ಲ, ಕೋಡ್‌ನಲ್ಲಿ ಸೊನ್ನೆ ಕ್ಯಾಲಿಬ್ರೇಟ್ ಮಾಡಿದಷ್ಟೂ ಅದು ಇನ್ನಷ್ಟು ಕೆಡುತ್ತೆ. ರೆಫ್ ಪಿನ್ ಇರೋ ಚಿಪ್ ಹಾಕಿ ಸ್ವಲ್ಪ ಮೇಲಕ್ಕೆ ಎತ್ತಿ, ಒಂದೇ ದಿಕ್ಕಿನ ಕರೆಂಟ್ ಆದ್ರೂ ಸರಿ.

600 ವೋಲ್ಟ್‌ಗೆ ಶಂಟ್ ಧಾರಾಳವಾಗಿ ಬಳಸ್ತಾರೆ, ಆದ್ರೆ ಆಂಪ್ಲಿಫೈಯರ್ ಐಸೊಲೇಟೆಡ್ ಆಗಿರ್ಬೇಕು, ಅಂದ್ರೆ ಇನ್‌ಪುಟ್‌ಗೂ ಔಟ್‌ಪುಟ್‌ಗೂ ನೇರ ವಿದ್ಯುತ್ ಸಂಪರ್ಕ ಇರಬಾರದು. ಎಎಂಸಿ1301 ಥರದ್ದು ±250 ಮಿಲಿವೋಲ್ಟ್ ತಗೊಂಡು ಐಸೊಲೇಷನ್ ದಾಟಿಸಿ ಅನಲಾಗ್ ಆಗೇ ಕೊಡುತ್ತೆ, ಇಲ್ಲಾಂದ್ರೆ ಡೆಲ್ಟಾ ಸಿಗ್ಮಾ ಮಾಡ್ಯುಲೇಟರ್ (ವೋಲ್ಟೇಜ್‌ನ ಒಂದೊಂದೇ ಬಿಟ್‌ನ ಸಾಲು ಮಾಡೋ ಚಿಪ್) ಹಾಕಿ ಬಿಟ್ ಸ್ಟ್ರೀಮ್‌ನ ಕಂಟ್ರೋಲರ್‌ಗೆ ತಂದು ಅಲ್ಲಿ ಫಿಲ್ಟರ್ ಮಾಡ್ತಾರೆ. ಹೈ ಸೈಡ್‌ಗೆ ಬೇರೆ ಐಸೊಲೇಟೆಡ್ ಸಪ್ಲೈ ಬೇಕು ಅನ್ನೋದು ಅದರ ತಲೆನೋವು. ಹಾಲ್‌ನಲ್ಲಿ ಐಸೊಲೇಷನ್ ತಾನಾಗೇ ಬರುತ್ತೆ, ಬಿಸಿನೂ ಕಮ್ಮಿ, ಆದ್ರೆ ಆಫ್‌ಸೆಟ್ ಡ್ರಿಫ್ಟ್ ಜಾಸ್ತಿ, ಕೋರ್ ಇದ್ರೆ ದೊಡ್ಡ ಕರೆಂಟ್ ಹೋಗಿ ಬಂದ್ಮೇಲೆ ಹಿಸ್ಟೆರಿಸಿಸ್ ಉಳ್ಕೊಳ್ಳುತ್ತೆ. ಟಾರ್ಕ್ ನಯವಾಗಿ ಬೇಕು ಅನ್ನೋ ಸರ್ವೋದಲ್ಲಿ ನಾನು ಶಂಟ್ ಆರಿಸ್ತೀನಿ, ನೂರಾರು ಆಂಪ್ಸ್ ಮೇಲೆ ಹೋದ್ರೆ ಹಾಲ್.

ಫರ್ಮ್‌ವೇರ್_ಬೆಂಚ್
ಹಂಗಿದ್ರೆ ಕ್ಯಾಲಿಬ್ರೇಷನ್ ಬೇಡ್ವೇ ಬೇಡ್ವಾ? ಶಂಟೇ 1 ಪರ್ಸೆಂಟ್ ಟಾಲರೆನ್ಸ್ ಬರುತ್ತಲ್ಲ.

ಮಿಲಿಓಮ್
ಬೇಕು, ಖಂಡಿತ ಬೇಕು. ಪ್ರೊಡಕ್ಷನ್‌ನಲ್ಲಿ ಎರಡು ಪಾಯಿಂಟ್: ಸೊನ್ನೆಯಲ್ಲಿ ಒಂದು, ಪೂರ್ತಿ ಲೋಡ್ ಹತ್ರ ಗೊತ್ತಿರೋ ಕರೆಂಟ್‌ನಲ್ಲಿ ಇನ್ನೊಂದು, ಪ್ರತಿ ಬೋರ್ಡ್‌ಗೂ ಅದರದ್ದೇ ನಂಬರ್ ಫ್ಲ್ಯಾಶ್‌ನಲ್ಲಿ. ರೀಡಿಂಗ್ ಬೇಗ ಮುಗಿಸಿ, ಶಂಟ್ ಬಿಸಿ ಆಗೋ ಮುಂಚೆ. ಬಂದ ಫ್ಯಾಕ್ಟರ್ 0.985 ರಿಂದ 1.015 ಒಳಗಡೆ ಇಲ್ಲಾಂದ್ರೆ ಟೆಸ್ಟ್ ಜಿಗ್ ಆ ಬೋರ್ಡ್‌ನ ಫೇಲ್ ಮಾಡ್ಲಿ, ಅಲ್ಲಿ ಶಂಟ್ ಸಾಲ್ಡರ್ ಸರಿ ಕೂತಿರಲ್ಲ ಅಥವಾ ತಪ್ಪು ಪಾರ್ಟ್ ಬಿದ್ದಿರುತ್ತೆ. ಮೋಟಾರ್_ಡ್ರೈವ್ ಅವರೇ, ಹೊಸ ಲೇಔಟ್‌ನಲ್ಲಿ ನಾಲ್ಕು ಟರ್ಮಿನಲ್ ಶಂಟ್‌ಗೆ (ಕರೆಂಟ್‌ಗೆ ಎರಡು, ಸೆನ್ಸ್‌ಗೆ ಬೇರೆ ಎರಡು ಕಾಲು ಇರೋದು) ಜಾಗ ಇದ್ರೆ ಅದನ್ನೇ ಹಾಕಿ, ಇಲ್ಲದಿದ್ರೆ ಪ್ಯಾಡ್ ಒಳ ಅಂಚಿನ ಮಧ್ಯದಿಂದ ಎರಡು ಟ್ರೇಸ್ ಅಕ್ಕಪಕ್ಕ ಹೊರಡ್ಲಿ. ಗರ್ಬರ್ (ಬೋರ್ಡ್ ತಯಾರಕರಿಗೆ ಕಳಿಸೋ ಫೈಲ್) ಹೋಗೋ ಮುಂಚೆ ಆ ಭಾಗದ ಚಿತ್ರ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.